ಕಾರಿನ ಪಾರಣೆ

ನನ್ನ ಕಾರಿಗೆ ನನ್ನ ಕೈಯಲ್ಲದೆ ಬೇರೆ ಯಾರ ಕೈಯೂ ಸೋಕಕೂಡದು! ಕೊಲ್ಲಾಪುರದಿಂದ ಹಳೆಯ ಕಾರು ಕೊಂಡು ಮೂಡಲಗಿಗೆ ತಂದ ದಿನ, ಅದರ ಬಾನೆಟ್ಟಿನ ಮೇಲೆ ಅಂಗೈ ಊರಿ, ಓಣಿಯೆಲ್ಲ ಕೇಳುವಂತೆ ನಾನು ಮಾಡಿದ ಪ್ರತಿಜ್ಞೆ ಇದು. ಸ್ಕ್ರೂ ಸಡಿಲವಾದರೆ ನಾನೇ ಬಿಗಿಯುವವನು, ಪೈಪು ಸೋರಿದರೆ ನಾನೇ ಕಟ್ಟುವವನು. ಮೆಕ್ಯಾನಿಕ್ ಎಂಬ ಪ್ರಾಣಿಯ ನೆರಳೂ ಇದರ ಮೇಲೆ ಬೀಳಬಾರದು! ಓಣಿಯವರು ತಲೆದೂಗಿದರು. ನನ್ನ ಹೆಂಡತಿ ರಾಜಮತಿ ಮಾತ್ರ, ಕಾರಿಗೆ ಬೆಳಗಲು ತಂದ ಆರತಿ ತಟ್ಟೆಯನ್ನು ಹಿಡಿದುಕೊಂಡೇ ಮೆಲ್ಲಗೆ ಕೇಳಿದಳು:

"ಮಿಕ್ಸರಿನ ಗತಿ ಏನಾತು, ನೆನಪೈತಿಲ್ಲ?"

ನೆನಪಿತ್ತು. ಮಿಕ್ಸರ್ ಬಿಚ್ಚಿ ಜೋಡಿಸಿದ ಮೇಲೆ ಒಂದು ಹಿಡಿ ಸ್ಕ್ರೂ ಮಿಕ್ಕಿದ್ದವು. ಅಷ್ಟು ಸ್ಕ್ರೂ ಇಲ್ಲದೆಯೂ ಅದು ನಡೆಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ನಡೆಯಿತು ನಿಜ, ಅಡುಗೆಮನೆಯ ಕಟ್ಟೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ನೆಲಕ್ಕೆ ಬಿತ್ತು! ಆದರೆ ಮಂಗಲ ಸಮಯದಲ್ಲಿ ಅದನ್ನು ಎತ್ತಬೇಕೆ?

ನನ್ನ ಹೆಸರು ಬಾಬಾಸಾಹೇಬ. ಮೂಡಲಗಿಯ ಪೇಟೆಯಲ್ಲಿ ನನ್ನದೊಂದು ಬೆಲ್ಲದ ದಲಾಲಿ ಅಂಗಡಿ. ಕಾರು ಕೊಂಡದ್ದು ಎರಡು ಸಾವಿರದ ಮೂರನೆಯ ಇಸವಿಯಲ್ಲಿ. ಆಗ ನಮ್ಮ ಕಡೆ ಓಡುತ್ತಿದ್ದವೆಲ್ಲ ಡೀಸೆಲ್ ಜೀಪು, ಟ್ರ್ಯಾಕ್ಸು. ನನ್ನ ಕಾರಿನ ಹಿಂದಿನ ಗಾಜಿನ ಮೇಲಾದರೋ 'ಎಂಪಿಎಫ್‌ಐ' ಎಂಬ ನಾಲ್ಕು ಅಕ್ಷರ ಕೆಂಪಗೆ ಹೊಳೆಯುತ್ತಿದ್ದವು. ಬೆಲ್ಲ ತಂದ ರೈತರು ಸುತ್ತ ನಿಂತು ಕೇಳುತ್ತಿದ್ದರು:

"ಹಂಗಂದ್ರ ಏನ್ರಿ ಸಾವಕಾರ್ರ?"

"ಹಂಗಂದ್ರ ಭಾರಿ ಐತಿ ಅಂತ ಅರ್ಥ!"

ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಪೆಟ್ರೋಲನ್ನು ಒಂದು ಕರೆಂಟಿನ ಪಂಪು ಟ್ಯಾಂಕಿನಿಂದ ಎತ್ತಿ ಎಂಜಿನ್ನಿಗೆ ಕೊಡುತ್ತದೆ ಎಂದು ಕಾರು ಮಾರಿದ ವಕೀಲರು ಹೇಳಿದ್ದರು. ವಕೀಲರು ಸುಳ್ಳು ಹೇಳುತ್ತಾರೆಯೇ ಎಂದು ನಂಬಿದ್ದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಮ್ಮದು ಜೈನರ ಮನೆ. ಸೋಸದ ನೀರು ನಮ್ಮ ಗಂಟಲಿಗೆ ಇಳಿಯುವುದಿಲ್ಲ. ಕೊಡದ ಬಾಯಿಗೆ ಅರಿವೆ ಹಾಸಿ ನೀರು ಸೋಸುವುದು ರಾಜಮತಿಯ ದಿನದ ಮೊದಲ ಕೆಲಸ. ಆ ಅರಿವೆಯೂ ಅಂತಿಂಥದ್ದಲ್ಲ. ತೆಳ್ಳನೆಯ ಬಿಳಿ ಬಟ್ಟೆ, ಸುತ್ತಲೂ ಕೆಂಪು ದಾರದ ಹೊಲಿಗೆ. ಹುಕ್ಕೇರಿಯಲ್ಲಿರುವ ನಮ್ಮ ಅತ್ತೆ ತಮ್ಮ ಕೈಯಾರೆ ಹೊಲಿದು ಮಗಳಿಗೆ ಕೊಟ್ಟದ್ದು. ಮನೆಯಲ್ಲಿ ನನಗೆ ಎಲ್ಲ ವಸ್ತುವನ್ನೂ ಮುಟ್ಟುವ ಅಧಿಕಾರವಿತ್ತು, ಅದೊಂದನ್ನು ಬಿಟ್ಟು.

ಆ ಶ್ರಾವಣದಲ್ಲಿ ಟ್ಯಾಂಕರಿನವರು ಮುಷ್ಕರ ಹೂಡಿದರು. ಬಂಕುಗಳಲ್ಲಿ 'ಸ್ಟಾಕ್ ಇಲ್ಲ' ಎಂಬ ಹಲಗೆ ನೇತಾಡಿತು. ನಾನು ಮುಂದಾಲೋಚನೆಯ ಮನುಷ್ಯ, ಎಲ್ಲಿಂದಲೋ ಒಂದು ಕ್ಯಾನು ಪೆಟ್ರೋಲ್ ತಂದೆ. ಬೆಳಕಿಗೆ ಹಿಡಿದು ನೋಡಿದರೆ ಅದರಲ್ಲಿ ಕಸ, ಕಡ್ಡಿ, ಯಾವುದೋ ಹುಳದ ರೆಕ್ಕೆ! ಇಂಥದನ್ನು ನನ್ನ ಕಾರಿಗೆ ಕುಡಿಸುವುದೆ? ಜೈನರ ಮನೆ ಸೇರಿದ ಮೇಲೆ ಕಾರೂ ಜೈನನೇ! ರಾಜಮತಿ ಬಸದಿಗೆ ಹೋಗಿದ್ದಳು. ನಾನು ಹಗ್ಗದ ಮೇಲೆ ಒಣಗುತ್ತಿದ್ದ ಅರಿವೆಯನ್ನು ಎಳೆದುಕೊಂಡೆ, ಟ್ಯಾಂಕಿನ ಬಾಯಿಗೆ ಬೆರಳಿನಿಂದ ಒತ್ತಿ ಕೂಡಿಸಿದೆ, ಕ್ಯಾನನ್ನು ಬಗ್ಗಿಸಿ ಭಕ್ತಿಯಿಂದ ಸೋಸಿ ಹಾಕಿದೆ. ಕ್ಯಾನು ಬರಿದಾಗುತ್ತಿದ್ದಂತೆ ಒಳಗೆ ಫೋನು ಬಡಿದುಕೊಳ್ಳತೊಡಗಿತು. ಸಾಂಗಲಿಯ ವ್ಯಾಪಾರಿ. ಬೆಲ್ಲದ ಬಣ್ಣದ ಬಗ್ಗೆ ಅವನ ತಕರಾರು ಮುಗಿಯುವ ಹೊತ್ತಿಗೆ ನನ್ನ ಕಿವಿ ಕಾದಿತ್ತು.

ಹೊರಗೆ ಬಂದರೆ ಅರಿವೆ ಇಲ್ಲ!

ಕಾರಿನ ಚಕ್ರದ ಪಕ್ಕದಲ್ಲಿ ಒಂದು ಆಡು ನಿಂತಿತ್ತು. ಕಣ್ಣು ಅರೆ ಮುಚ್ಚಿ, ಗಡ್ಡ ಅಲ್ಲಾಡಿಸುತ್ತ, ಏನನ್ನೋ ಅಗಿಯುತ್ತಿತ್ತು. ನಮ್ಮ ಪಕ್ಕದ ಮನೆಯ ಸತ್ತೆವ್ವನ ಆಡು, ಹೆಸರು ಚಂದ್ರಿ. ಸತ್ತೆವ್ವನದು ಕುರಿ ಸಾಕುವ ಮನೆತನ. ಕುರಿಗಳೆಲ್ಲ ಅಡವಿಗೆ ಹೋದರೆ ಈ ಚಂದ್ರಿ ಮಾತ್ರ ಓಣಿಯಲ್ಲಿ ರಾಜ್ಯಭಾರ ಮಾಡಿಕೊಂಡಿರುತ್ತಿತ್ತು.

"ಸತ್ತೆವ್ವಾ! ನಿನ್ನ ಆಡು ನಮ್ಮ ನೀರು ಸೋಸೂ ಅರಿವಿ ತಿಂದೈತಿ!"

"ತಿಂದದ್ದ ಕಣ್ಣಿಲೆ ನೋಡೀರೇನ್ರಿ ಸಾವಕಾರ್ರ?"

"ಬಾಯಿ ನೋಡು, ಇನ್ನೂ ಆಡಸಾಕತ್ತೈತಿ!"

"ಆಡು ಬಾಯಿ ಆಡಸೂದ ಬಿಟ್ಟ ಭಜನಿ ಮಾಡತೈತೇನ್ರಿ? ನಮ್ಮ ಚಂದ್ರಿ ತೊಪ್ಪಲ ತಿಂತೈತಿ, ಗ್ವಾಡಿಗಿ ಹಚ್ಚಿದ ಇಲೆಕ್ಷನ್ ಪೋಸ್ಟರ ತಿಂತೈತಿ. ಇಲ್ಲ ಅನ್ನಂಗಿಲ್ಲ. ಆದ್ರ ಹಡದಾಕಿ ಹೊಲದ ಕೊಟ್ಟ ಅರಿವಿಗಿ ಬಾಯಿ ಹಾಕೂವಂಥಾದ್ದಲ್ಲ ಅದು!"

ಸಾಕ್ಷಿ, ವಿಚಾರಣೆ, ತೀರ್ಪು ಎಲ್ಲ ನಾನೇ ಮುಗಿಸಿದೆ. ಬಸದಿಯಿಂದ ಬಂದ ರಾಜಮತಿಗೆ, ಅರಿವೆ ಹಗ್ಗದ ಮೇಲೆಯೇ ಇತ್ತು, ಅಲ್ಲಿಂದಲೇ ಆಡು ಎಳೆಯಿತು ಎಂದು ಸ್ವಲ್ಪ ತಿದ್ದಿ ಹೇಳಿದೆ. ಅವಳು ತಾಯಿಗೆ ಫೋನು ಮಾಡಿ, "ನೀ ಹೊಲದ ಕೊಟ್ಟ ಅರಿವಿ ಆಡು ತಿಂತಂತವ್ವಾ" ಎನ್ನುವಾಗ ದನಿ ನಡುಗಿತು. ನನಗೂ ಕೆಟ್ಟೆನಿಸಿತು. ಆಡಿನ ಮೇಲೆ ಸಿಟ್ಟು ಬಂತು. ಸತ್ತೆವ್ವ ನನ್ನ ಜೊತೆ ಮಾತು ಬಿಟ್ಟಳು. ಚಂದ್ರಿಯನ್ನೂ ನಮ್ಮ ಮನೆಗೆ ಬೆನ್ನು ಮಾಡಿ ಕಟ್ಟತೊಡಗಿದಳು.

ಅದಾದ ಮೇಲೆ ನನ್ನ ಕಾರಿಗೆ ಏನೋ ಆಯಿತು. ಚೆನ್ನಾಗಿ ಹೊರಡುತ್ತಿತ್ತು, ನಾಲ್ಕಾರು ಮೈಲಿ ಓಡುತ್ತಿತ್ತು. ಆಮೇಲೆ ಎರಡು ಸಲ ಕೆಮ್ಮಿ ರಸ್ತೆಯ ಮಧ್ಯದಲ್ಲೇ ನಿಂತುಬಿಡುತ್ತಿತ್ತು! ನಾನು ಇಳಿದು ಬಾನೆಟ್ ಎತ್ತುತ್ತಿದ್ದೆ, ಒಳಗಿನದನ್ನೆಲ್ಲ ಗದರಿಸುವವನಂತೆ ದಿಟ್ಟಿಸುತ್ತಿದ್ದೆ, ಮುಚ್ಚುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಕೀಲಿ ತಿರುಗಿಸಿದರೆ ಏನೂ ಆಗದಂತೆ ಮತ್ತೆ ಓಡುತ್ತಿತ್ತು. ಒಂದೋ ಕೆಟ್ಟು ನಿಲ್ಲಬೇಕು, ಇಲ್ಲವೋ ನೆಟ್ಟಗೆ ಓಡಬೇಕು. ಈ ಹಂಗಿಸಾಟ ಯಾರಿಗೆ ಬೇಕು? ನನ್ನ ರಕ್ತ ಕುದಿಯತೊಡಗಿತು.

ಕೊನೆಗೆ ಗೋಕಾಕದ ಮೆಕ್ಯಾನಿಕ್ ಕೇದಾರಿಗೆ ಫೋನು ಮಾಡಿದೆ. ಕೈ ಸೋಕಕೂಡದು ಎಂದಿದ್ದೆನೇ ಹೊರತು ಕಿವಿ ಸೋಕಕೂಡದು ಎಂದಿರಲಿಲ್ಲವಲ್ಲ!

"ಪಂಪ ಹೋಗೇತ್ರಿ," ಎಂದ ಕೇದಾರಿ, ನಾನು ಮಾತು ಮುಗಿಸುವ ಮೊದಲೇ. "ಹಿಂದಿನ ಸೀಟಿನ ಕೆಳಗ ಒಂದ ಮುಚ್ಚಳ, ಮುಚ್ಚಳದ ಕೆಳಗ ಟಾಕಿ, ಟಾಕ್ಯಾಗ ಪಂಪ. ಗಾಡಿ ತಂದ ಬಿಡ್ರಿ. ನೀವ ಮಾತ್ರ ಕೈ ಹಾಕಬ್ಯಾಡ್ರಿ!"

ಕೈ ಹಾಕಬೇಡಿ! ಯಾರಿಗೆ ಹೇಳುತ್ತಿದ್ದಾನೆ ಇವನು? ನಾನು ಆಗಲೇ ಧೋತರ ಎತ್ತಿ ಕಟ್ಟಿದೆ.

ಹಿಂದಿನ ಸೀಟನ್ನು ಮುಂದಿನ ಅಂಚಿನಲ್ಲಿ ಹಿಡಿದು ಮೇಲಕ್ಕೆ ಜಗ್ಗಿದರೆ ಸಾಕು, ಕೊಂಡಿಯಿಂದ ಬಿಟ್ಟುಕೊಳ್ಳುತ್ತದೆ. ಹೀಗೆಂದು ಹೇಳುವುದು ಸುಲಭ. ನಾನು ಜಗ್ಗಿದೆ. ಸೀಟು ಜಗ್ಗಲಿಲ್ಲ. ಮುಂದಿನ ಸೀಟಿಗೆ ಎರಡೂ ಕಾಲು ಕೊಟ್ಟು, ಮನೆದೇವರನ್ನು ನೆನೆದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಜಗ್ಗಿದೆ. 'ಫಟ್' ಎಂದಿತು! ಸೀಟು ನನ್ನನ್ನು ಅಪ್ಪಿಕೊಂಡು, ನಾನು ಸೀಟನ್ನು ಅಪ್ಪಿಕೊಂಡು, ಇಬ್ಬರೂ ತೆರೆದ ಬಾಗಿಲಿನಿಂದ ಅಂಗಳಕ್ಕೆ ಉರುಳಿದೆವು.

"ಸೀಟ ಹೊರಗ ಬಂತೋ, ನೀವ ಹೊರಗ ಬಂದ್ರೋ?" ರಾಜಮತಿ ಅಕ್ಕಿ ಆರಿಸುತ್ತಲೇ ಕೇಳಿದಳು.

ಸೀಟಿನ ಕೆಳಗೆ ವಕೀಲರ ಕಾಲದ ಒಂದು ಬಾಚಣಿಕೆ, ಶೇಂಗಾ ಸಿಪ್ಪೆ, ಗೋಕಾಕದ ಕರದಂಟಿನ ಒಂದು ತುಣುಕು ಇದ್ದವು. ಆ ಕರದಂಟಿನ ಸುತ್ತ ಇರುವೆಗಳ ಒಂದು ಸಂಸ್ಥಾನವೇ ಇತ್ತು! ನಾನು ಕಸಬರಿಗೆ ಎತ್ತಿದೆ. ರಾಜಮತಿ ಮೊರ ಬಿಟ್ಟು ಓಡಿ ಬಂದಳು.

"ಕೈ ತಗೀರಿ! ಪರ್ವದ ದಿನ ಬಂದಾವ. ಒಂದ ಇರಿವಿ ಸತ್ತರೂ ನಾ ಊಟಕ್ಕ ಕೂಡಂಗಿಲ್ಲ, ನಿಮ್ಮನ್ನೂ ಕೂಡಸಂಗಿಲ್ಲ!"

"ಮತ್ತ ಇವಕ್ಕ ನೋಟೀಸ ಕೊಡ್ಲೇನು?"

"ಸಕ್ರಿ ಹಾಕತೀನಿ. ತಾವ ಹೊರಗ ಬರತಾವ."

ಕಾರಿನ ನೆಲದಿಂದ ಬಾಗಿಲಿನ ಹೊಸ್ತಿಲಿಗೆ, ಹೊಸ್ತಿಲಿನಿಂದ ಒಂದು ಕೋಲಿನ ಮೇಲೆ, ಕೋಲಿನಿಂದ ಬೇವಿನ ಬುಡಕ್ಕೆ ಸಕ್ಕರೆಯ ದಾರಿ ಬಿತ್ತು. ಇರುವೆಗಳಿಗೆ ಯಾವ ಅವಸರವೂ ಇರಲಿಲ್ಲ. ಎದುರಾದವರನ್ನೆಲ್ಲ ಮಾತಾಡಿಸುತ್ತ, ಯೋಗಕ್ಷೇಮ ಕೇಳುತ್ತ ಹೊರಟವು. ನಟ್ಟು ಬಿಚ್ಚುವ ಪಾನಾ ಹಿಡಿದ ನಾನು ಬಿಸಿಲಿನಲ್ಲಿ ಕುಳಿತು ಅವುಗಳ ಮೆರವಣಿಗೆ ನೋಡಿದೆ. ಸಕ್ಕರೆಯ ದಾರಿ ಎರಡೂ ಕಡೆಗೆ ಹೋಗುತ್ತದೆ ಎಂಬುದು ರಾಜಮತಿಗೆ ಹೊಳೆದಿರಲಿಲ್ಲ. ಒಳಗಿನವು ಹೊರಗೆ ಬರುವಷ್ಟರಲ್ಲಿ ಬೇವಿನ ಬುಡದವು ಒಳಗೆ ಹೊರಟಿದ್ದವು! ಮಧ್ಯಾಹ್ನದವರೆಗೆ ನನ್ನ ಕಾರಿನಲ್ಲಿ ಅಷ್ಟು ಸಂಚಾರ ನಡೆಯಿತು. ಕಾರು ಮಾತ್ರ ನಿಂತಲ್ಲೇ ಇತ್ತು.

ಅಂತೂ ಇರುವೆಗಳ ಕೃಪೆಯಾಗಿ ಮುಚ್ಚಳ ತೆಗೆದೆ. ಪಂಪಿನ ತಲೆ ಕಂಡಿತು. ಅದರ ವೈರು ಕಿತ್ತು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದೆ. ಪಂಪಿನ ನೆತ್ತಿಯ ಮೇಲೆ ಪಾನಾದಿಂದ 'ಟಣ್ ಟಣ್' ಎಂದು ಬಡಿದೆ. ಕೀಲಿ ತಿರುಗಿಸಿದರೆ ಕಾರು ಹುಲಿಯಂತೆ ಗರ್ಜಿಸಿತು!

"ನೋಡಿದೇನು? ಕೇದಾರಿ ಪಂಪ ಹೋಗೇತಿ ಅಂದಿದ್ದ. ಎಲ್ಲಿ ಹೋಗೇತಿ? ಇಲ್ಲೇ ಐತಿ!"

"ಪಂಪ ಹೊರಗ ತಗದ ನೋಡೂದಿಲ್ಲೇನ್ರಿ?"

"ರೋಗ ಹೋದ ಮ್ಯಾಲ ಹೊಟ್ಟಿ ಕೊಯ್ಯೂದ ಯಾಕ?"

ಸೀಟು ಮಾತ್ರ ಮರಳಿ ಕೂಡಲಿಲ್ಲ. ಆ 'ಫಟ್' ಎಂದದ್ದು ಕೊಂಡಿ. ಹಾಗಾಗಿ ಸೀಟು ನಮ್ಮ ಅಂಗಳದ ಕಟ್ಟೆ ಸೇರಿತು. ಬಂದ ರೈತರು ಅದರ ಮೇಲೆ ಕುಳಿತು, "ಹೊಸಾ ಸೋಫಾ ಮೆತ್ತಗೈತ್ರಿ ಸಾವಕಾರ್ರ" ಎಂದು ಹೊಗಳತೊಡಗಿದರು. ನಾನು ಹೌದೆಂದೆ.

ಭಾದ್ರಪದದ ದಶಲಕ್ಷಣ ಪರ್ವ ಬಂತು. ಹುಕ್ಕೇರಿಯಲ್ಲಿ ನಮ್ಮ ಅತ್ತೆ ಆ ವಯಸ್ಸಿನಲ್ಲಿ ಹತ್ತೂ ದಿನದ ಉಪವಾಸ ಹಿಡಿದರು. ದಿನಕ್ಕೊಮ್ಮೆ ಕಾಸಿ ಆರಿಸಿದ ನೀರು ಬಿಟ್ಟರೆ ಬಾಯಿಗೆ ಬೇರೇನೂ ಇಲ್ಲ. ಕೊನೆಯ ದಿನ ಫೋನು ಬಂತು. ಮರುದಿನ ಮುಂಜಾನೆ ಪಾರಣೆ, ಅಂದರೆ ಉಪವಾಸ ಬಿಡುವುದು. ಮೊದಲ ಗುಟುಕು ಹೆಸರುಕಟ್ಟನ್ನು ಮಗಳು ಅಳಿಯ ಜೋಡಿಯಾಗಿ ಕುಡಿಸಬೇಕು, ಅಲ್ಲಿಯವರೆಗೆ ಹನಿಯನ್ನೂ ಮುಟ್ಟುವುದಿಲ್ಲ ಎಂದು ಅತ್ತೆಯವರ ಹಟ.

"ನಾಳಿ ಮುಂಜಾನಿ ಮೊದಲನೇ ಬಸ್ಸಿಗಿ ಹೋಗೂಣ್ರಿ," ಎಂದಳು ರಾಜಮತಿ.

"ಮನ್ಯಾಗ ಎಂಪಿಎಫ್‌ಐ ನಿಂತಿರುವಾಗ ಬಸ್ಸೇನು?"

"ನಿಂತಿರೂದ ಅದರ ತೊಂದ್ರಿ!"

"ನೋಡು, ಎಂಟ ಗಂಟೇಕ್ಕ ನಿಮ್ಮವ್ವನ ಬಾಗಲದಾಗ ಹಾರ್ನ ಹೊಡೀಲಿಲ್ಲಂದ್ರ ನನ್ನ ಹೆಸರ ಬಾಬಾಸಾಹೇಬ ಅಲ್ಲ!"

"ಮತ್ತೇನಂತ ಕರೀಬೇಕು? ಈಗ ಹೇಳಿಡ್ರಿ, ನಾಳಿ ಗಡಿಬಿಡಿ ಆಗತೈತಿ."

ಬೆಳಕು ಹರಿಯುತ್ತಲೇ ಹೊರಟೆವು. ಸೀಟನ್ನು ಕಟ್ಟೆಯಿಂದ ಎತ್ತಿ ತಂದು, ಕೊಂಡಿಯಿಲ್ಲದೆ ಸುಮ್ಮನೆ ಹಿಂದೆ ಇಟ್ಟಿದ್ದೆ. ಅದರ ಮೇಲೆ ಹೆಸರುಕಟ್ಟಿನ ಡಬ್ಬಿ ಹಿಡಿದ ರಾಜಮತಿ, ಅವಳ ಪಕ್ಕದಲ್ಲಿ ಸತ್ತೆವ್ವ. ಸತ್ತೆವ್ವನ ಮಗಳನ್ನು ಹುಕ್ಕೇರಿಗೆ ಕೊಟ್ಟಿದೆ, ರಾಜಮತಿಯೇ ಕರೆದಿದ್ದಳು. ನನ್ನ ಜೊತೆ ಮಾತು ಬಿಟ್ಟ ಸತ್ತೆವ್ವ ನನಗೆ ಹೇಳುವುದನ್ನೆಲ್ಲ ರಾಜಮತಿಗೆ ಹೇಳುತ್ತಿದ್ದಳು.

"ಅಕ್ಕಾರ, ಸಾವಕಾರ್ರಿಗಿ ಹೇಳ್ರಿ, ತಿರುವಿನ್ಯಾಗ ಸಾವಕಾಶ ಹೊಡೀಲಿ. ಸೀಟ ಜಾರತೈತಿ."

ಮಸಗುಪ್ಪಿ ದಾಟುವಷ್ಟರಲ್ಲಿ ಕಾರು ಕೆಮ್ಮಿತು. ನಿಂತಿತು.

"ಇಳೀರಿ," ಎಂದೆ. ಹೆಂಗಸರು ಇಳಿದರು. ಸೀಟು ಇಳಿಯಿತು. ಟಣ್ ಟಣ್! ಸೀಟು ಏರಿತು. ಹೆಂಗಸರು ಏರಿದರು. ಗೋಕಾಕದ ಪೇಟೆಯಲ್ಲಿ ಮತ್ತೆ ಕೆಮ್ಮಿತು. ಊರಲ್ಲಿ ಅಷ್ಟು ಜಾಗವಿರುವಾಗ ಈ ಹಾಳು ಕಾರು ನಿಂತದ್ದೆಲ್ಲಿ? ಸರಿಯಾಗಿ ಕೇದಾರಿಯ ಗ್ಯಾರೇಜಿನ ಮುಂದೆ! ಅವನು ಕೈ ಒರೆಸಿಕೊಳ್ಳುತ್ತ ಬಂದ.

"ಏನ್ರಿ ಸಾವಕಾರ್ರ, ನಿಂತಿರಿ?"

"ಕರದಂಟ ತಗೋಳಾಕ ನಿಲ್ಲಿಸೇನಿ."

"ಕರದಂಟಿನ ಅಂಗಡಿ ಹಿಂದ ಹೋತಲ್ರಿ," ಎಂದಳು ರಾಜಮತಿ. ಗಂಡನ ಮಾನ ಕಾಯುವ ಹೆಂಡತಿ ಎಂದರೆ ಹೀಗಿರಬೇಕು!

ನಾನು ಹಿಂದಕ್ಕೆ ನಡೆದು ಹೋಗಿ ಬೇಡದ ಕರದಂಟು ಕೊಂಡು ತಂದೆ. ಅಷ್ಟರಲ್ಲಿ ಕಾರಿನ ಮುನಿಸು ಇಳಿದಿತ್ತು, ಹೊರಟಿತು. ಘಟಪ್ರಭಾದ ರೈಲ್ವೆ ಗೇಟಿನಲ್ಲಿ ಮತ್ತೆ ನಿಂತಿತು. ಹಿಂದಿನ ಗಾಡಿಗಳವರೆಲ್ಲ ಹಾರ್ನ್ ಬಾರಿಸಿದರು. ಇಳಿ, ಇಳಿಸು, ಟಣ್ ಟಣ್, ಏರಿಸು, ಏರು. ಅಲ್ಲಿಂದ ಸ್ವಲ್ಪ ದೂರ ಹೋಗಿ ಬಯಲಿನಲ್ಲಿ ಒಂದು ಬೇವಿನ ಮರದ ಪಕ್ಕ ನಿಂತದ್ದು ಮಾತ್ರ ನಿಂತೇಬಿಟ್ಟಿತು. ಟಣ್ ಟಣ್ ಎಂದೆ, ಟಣ ಟಣ ಟಣ ಎಂದೆ. ಬಸದಿಯ ಗಂಟೆಯನ್ನೂ ನಾನು ಅಷ್ಟು ಬಾರಿಸಿದವನಲ್ಲ. ಎಂಟು ಗಂಟೆ ಆಗಲೇ ಹೊಡೆದಿತ್ತು. ಬಿಸಿಲು ಏರುತ್ತಿತ್ತು.

ಹುಕ್ಕೇರಿ ಕಡೆಗೆ ಹೊರಟ ಒಂದು ಟ್ರ್ಯಾಕ್ಸನ್ನು ರಾಜಮತಿ ಕೈ ಮಾಡಿ ನಿಲ್ಲಿಸಿದಳು. ಅದರೊಳಗೆ ಒಬ್ಬರು ನುಸುಳುವಷ್ಟೇ ಜಾಗವಿತ್ತು.

"ನೀವ ಬರೂತನಕ ನಮ್ಮವ್ವ ಬಾಯಿ ತಗೆಯಂಗಿಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ಹತ್ತ ದಿನ ಉಂಡಿಲ್ಲ ಆಕಿ. ನಿಮ್ಮ ಕಾರಿನ ಸಂಬಂಧ ನಮ್ಮವ್ವಗ ಏನರ ಆತಂದ್ರ, ಈ ಕಾರಿನ್ಯಾಗ ನೀವೂ ಅದೂ ಸಂಸಾರ ಮಾಡ್ರಿ!"

ಟ್ರ್ಯಾಕ್ಸು ಹೋಯಿತು. ಧೂಳು ಉಳಿಯಿತು.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅತ್ತೆಯವರ ಹಟ ನನಗೆ ಗೊತ್ತು. ಬರುತ್ತೇನೆಂದ ಅಳಿಯ ಬರುವವರೆಗೆ ಸಂಜೆಯಾದರೂ ಕಾಯುವವರು. ಸಂಜೆಯಾದರೆ, ಹೊತ್ತು ಮುಳುಗಿದ ಮೇಲೆ ಉಣ್ಣುವ ಹಾಗಿಲ್ಲ, ಇನ್ನೊಂದು ದಿನದ ಉಪವಾಸ! ಆ ಮುದಿ ಜೀವದ ಗತಿಯೇನು? ಅಷ್ಟರಲ್ಲಿ ಒಂದು ಬಸ್ಸು ಬಂತು. ಬೇವಿನ ನೆರಳಿನಲ್ಲಿ ಸೀಟು ಹಾಸಿಕೊಂಡು ಮಹಾರಾಣಿಯಂತೆ ಒರಗಿದ್ದ ಸತ್ತೆವ್ವ, ಹೇಳಲು ರಾಜಮತಿ ಇಲ್ಲದ್ದರಿಂದ, ಮರಕ್ಕೆ ಹೇಳಿದಳು:

"ಏ ಬೇವಿನ ಗಿಡಾ, ಸಾವಕಾರ್ರಿಗಿ ಹೇಳು. ಕಾರ ಇಲ್ಲೇ ಬಿಟ್ಟ ಬಸ್ಸ ಹತ್ತಂತ ಹೇಳು."

"ಕಾರಿನ್ಯಾಗ ಬರತೀನಿ ಅಂದೇನಿ, ಕಾರಿನ್ಯಾಗ ಹೋಗತೀನಿ! ಪಂಪಿನ ಹೊಟ್ಟೀನ ಕೊಯ್ದ ನೋಡತೀನಿ ಇವತ್ತ!"

"ಏ ಗಿಡಾ, ಇವರ ಕಿವಿಯಾಗೂ ಕಸಾ ಕುಂತೈತಿ ನೋಡು."

ಬಸ್ಸು ಹೋಯಿತು. ಹೋದ ಮೇಲೆ ಹತ್ತಬೇಕಿತ್ತು ಎನಿಸಿತು. ಆ ಸಿಟ್ಟನ್ನೆಲ್ಲ ಪಂಪಿನ ಮೇಲೆ ತೀರಿಸಿದೆ. ಪಂಪಿನ ಸುತ್ತಲಿನ ಬಳೆಯನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ತಿರುಗಿಸಿದೆ. ಬಳೆ ಬಿಟ್ಟಿತು. ಪೆಟ್ರೋಲಿನ ವಾಸನೆ ಮೂಗಿಗೆ ಅಡರಿ ತಲೆ ತಿರುಗಿತು. ಪಂಪಿನ ಕತ್ತು ಹಿಡಿದು ಮೇಲಕ್ಕೆ ಎತ್ತಿದೆ. ಅರ್ಧ ಬಂದು ಯಾಕೋ ಭಾರವಾಯಿತು. ಜಗ್ಗಿದೆ. ಪಂಪು ಹೊರಗೆ ಬಂತು. ಅದರ ಕೆಳಗಿನ ಬಾಯಿಗೆ ಬಿಗಿಯಾಗಿ ಸುತ್ತಿಕೊಂಡು, ಹನಿ ಹನಿ ಪೆಟ್ರೋಲ್ ತೊಟ್ಟಿಕ್ಕುತ್ತ, ಒಂದು ಬಿಳಿ ಅರಿವೆ ಬಂತು.

ಅಂಚಿಗೆ ಕೆಂಪು ದಾರದ ಹೊಲಿಗೆ!

ಫೋನಿನ ಅವಸರದಲ್ಲಿ ನಾನು ಟ್ಯಾಂಕಿನ ಬಾಯಲ್ಲೇ ಬಿಟ್ಟು ಹೋದದ್ದು, ನೆನೆದು ಭಾರವಾಗಿ ಒಳಗೆ ಜಾರಿತ್ತು. ಕಾರು ಓಡಿದಾಗಲೆಲ್ಲ ಪಂಪು ಅದನ್ನು ಎಳೆದು ಬಾಯಿಗೆ ಮೆತ್ತಿಕೊಳ್ಳುತ್ತಿತ್ತು. ನಿಂತರೆ ಅರಿವೆ ಬಿಟ್ಟುಕೊಳ್ಳುತ್ತಿತ್ತು. ಇಂದು ಪೂರ್ತಿ ಸುತ್ತಿಕೊಂಡಿತ್ತು. ನನ್ನ ಟಣ್ ಟಣ್ ಕೇಳಿ ಆ ಪಂಪು ಏನೆಂದುಕೊಂಡಿತೋ!

ನಾನು ಮೆಲ್ಲಗೆ ಹಿಂದಿರುಗಿ ನೋಡಿದೆ. ಸತ್ತೆವ್ವ ಎದ್ದು ಕುಳಿತಿದ್ದಳು. ಇಷ್ಟು ದಿನದ ಮೇಲೆ ಮೊದಲ ಸಲ ನೇರವಾಗಿ ನನ್ನ ಜೊತೆ ಮಾತಾಡಿದಳು.

"ನಮ್ಮ ಚಂದ್ರಿ ಹೊಟ್ಟಿ ಇಲ್ಲೈತೇನ್ರಿ ಸಾವಕಾರ್ರ?"

"ಸತ್ತೆವ್ವಾ, ನಿನ್ನ ಕಾಲಿಗಿ ಬೀಳತೀನಿ. ರಾಜಮತಿ ಮುಂದ ಹೇಳಬ್ಯಾಡ!"

"ನನ್ನ ಕಾಲಿಗಿ ಯಾಕ್ರಿ? ನಾಳಿ ನಿಮ್ಮ ಕ್ಷಮಾ ಕೇಳೂ ಹಬ್ಬ ಐತೆಲ್ಲ, ಎಲ್ಲಾ ಜೀವದ ಮುಂದ ಕೈ ಮುಗೀತೀರೆಲ್ಲ? ನಮ್ಮ ಚಂದ್ರಿದೂ ಜೀವ ಐತಿ. ಆಕಿ ಮುಂದ ಕೈ ಮುಗೀರಿ, ಓಣಿ ಮಂದಿ ಎದುರಿಗಿ. ನಾ ಬಾಯಿ ಬಿಡಂಗಿಲ್ಲ."

ಒಪ್ಪಿದೆ. ಆ ಹೊತ್ತಿನಲ್ಲಿ ಆಡಿಗೆ ಆರತಿ ಎತ್ತು ಎಂದರೂ ಒಪ್ಪುತ್ತಿದ್ದೆ. ಅರಿವೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಹಿಂಡಿ, ಮಡಿಚಿ, ಅಂಗಿಯ ಕಿಸೆಗೆ ತುರುಕಿದೆ. ಪಂಪು ಇಟ್ಟು ಬಳೆ ಬಿಗಿದು ಕೀಲಿ ತಿರುಗಿಸಿದರೆ, ಅಬ್ಬಾ! ಕಾರು ಒಂದೇ ಉಸಿರಿಗೆ ಹುಕ್ಕೇರಿಯ ಅತ್ತೆಯವರ ಬಾಗಿಲಿಗೆ ಬಂದು ನಿಂತಿತು. ಹಾರ್ನ್ ಹೊಡೆದೆ. ಸೂರ್ಯ ನೆತ್ತಿಯ ಮೇಲಿದ್ದ.

"ಬಂದ್ರೇನ್ರಿ, ಹೆಸರ ಇಲ್ಲದವರ?" ಬಾಗಿಲಲ್ಲಿ ರಾಜಮತಿ.

ಪಡಸಾಲೆಯ ತುಂಬ ನೆಂಟರು. ನಡುವೆ ಮಣೆಯ ಮೇಲೆ ಅತ್ತೆ. ತುಟಿ ಒಣಗಿತ್ತು, ಕೈ ಕಡ್ಡಿಯಾಗಿತ್ತು. ಆದರೂ ನನ್ನನ್ನು ಕಂಡು, "ಅಳ್ಯಾರ ಬಂದ್ರ? ದಣದೀರಿ, ಮೊದಲ ಕೂಡ್ರಿ," ಎಂದರು. ಕೈ ಕಾಲು ತೊಳೆದು ಬಂದೆ. ನಾನೂ ರಾಜಮತಿಯೂ ಒಂದೇ ಚಮಚ ಹಿಡಿದು ಹೆಸರುಕಟ್ಟು ಕುಡಿಸಿದೆವು. ಒಂದು ಗುಟುಕು, ಇನ್ನೊಂದು ಗುಟುಕು. ಅತ್ತೆಯವರ ಮುಖಕ್ಕೆ ಜೀವ ಬಂತು. ನೆಂಟರೆಲ್ಲ ಜಯಕಾರ ಹಾಕಿದರು. ನನ್ನ ಎದೆಯ ಮೇಲಿನ ಭಾರ ಇಳಿಯಿತು.

ಭಾರ ಇಳಿದದ್ದೇ ತಡ, ಜಂಬ ಏರಿತು.

"ಕಾರಿಗಿ ಏನಾಗಿತ್ರಿ?" ಎಂದು ಯಾರೋ ಕೇಳಿದರು.

"ಭಾರಿ ಸೂಕ್ಷ್ಮ ದೋಷ! ಕಂಪನಿ ಎಂಜಿನಿಯರ್ ಬಂದರೂ ಸಿಗತಿದ್ದಿಲ್ಲ. ನಾನ ಸೀಟ ತಗದೆ, ಪಂಪ ಬಿಚ್ಚಿದೆ, ಹಿಂಗ ಕೈ ಹಾಕಿದೆ, ದೋಷಾ ಹೊರಗ ಎಳದೆ!" ಎಂದು ಕೈ ಮಾಡಿ ತೋರಿಸಿ, ಹಣೆಯ ಬೆವರು ಒರೆಸಿಕೊಳ್ಳಲು ಕಿಸೆಯಿಂದ ವಸ್ತ್ರ ಎಳೆದೆ. ಗತ್ತಿನಿಂದ ಮುಖ ಒರೆಸಿಕೊಂಡೆ. ಕಣ್ಣು ಧಗಧಗ ಉರಿಯಿತು! ಪಡಸಾಲೆಯ ತುಂಬ ಪೆಟ್ರೋಲಿನ ವಾಸನೆ ಹಬ್ಬಿತು. ನೆಂಟರು ಮೂಗು ಮುಚ್ಚಿಕೊಂಡರು. ಮೂಲೆಯಲ್ಲಿ ಕುಳಿತಿದ್ದ ಸತ್ತೆವ್ವ ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಸೆರಗನ್ನೇ ಬಾಯಿಗೆ ತುರುಕಿಕೊಂಡಿದ್ದಳು.

ಅತ್ತೆ ಕೈ ಚಾಚಿ ಅರಿವೆ ತೆಗೆದುಕೊಂಡರು. ಅಂಚನ್ನು ಬೆರಳಿನಿಂದ ಸವರಿದರು.

"ರಾಜಮತಿ, ಈ ಹೊಲಿಗಿ ನಂದಲ್ಲೇನವಾ? ಇದನ್ನ ಆಡು ತಿಂದೈತಿ ಅಂದಿದ್ದೆಲ್ಲ?"

ರಾಜಮತಿ ನನ್ನನ್ನು ನೋಡಿದಳು. ನಾನು ಉರಿಯುವ ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಹೇಳಿದೆ. ಸೋಸಿದ್ದು, ಫೋನು ಬಂದದ್ದು, ಪಂಪಿನ ಬಾಯಿಗೆ ಮೆತ್ತಿದ್ದು. ಅತ್ತೆ ಶಾಂತವಾಗಿ ಹೇಳಿದರು:

"ನಂದೇನ ದೊಡ್ಡ ಉಪಾಸರಿ ಅಳ್ಯಾರ, ಹತ್ತ ದಿನದ್ದು. ನಿಮ್ಮ ಕಾರು ಶ್ರಾವಣದಿಂದ ಬಾಯಿ ಕಟಗೊಂಡ ಕುಂತಿತ್ತು. ಮೊದಲ ಅದಕ್ಕ ಪಾರಣಿ ಮಾಡಸಬೇಕಿತ್ತು, ನನಗ ಆಮ್ಯಾಲ!"

ಹತ್ತು ದಿನ ಉಂಡಿರದ ಅತ್ತೆಯವರೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಜಮತಿ ನಗಲಿಲ್ಲ. ಮೂಡಲಗಿಯವರೆಗೂ ನಗಲಿಲ್ಲ.

ಮರುದಿನ ಕ್ಷಮಾವಣಿ. ವರ್ಷದಲ್ಲಿ ಆದ ತಪ್ಪಿಗೆ ಸಕಲ ಜೀವಿಗಳ ಕ್ಷಮೆ ಕೇಳುವ ದಿನ. ರಾಜಮತಿ ತಾಯಿಯ ಅರಿವೆಯನ್ನು ಮತ್ತೆ ಮತ್ತೆ ಸಾಬೂನು ಹಾಕಿ ಒಗೆದು, ನೀರು ಸೋಸಲು ಬಾರದಿದ್ದರೂ ನೆನಪಿಗೆ ಇರಲೆಂದು ಹಗ್ಗದ ಮೇಲೆ ಒಣಗಹಾಕಿ ಒಳಗೆ ಹೋಗಿದ್ದಳು. ಹಿಂದಿನ ದಿನ ಸೀಟಿನ ಮೇಲೆ ಜಾರಿ ಜಾರಿ ನೊಂದಿದ್ದ ಹೆಂಗಸರ ಒತ್ತಾಯಕ್ಕೆ ನಾನು ಸೀಟನ್ನು ತಂತಿಯಿಂದ ಭದ್ರವಾಗಿ ಬಿಗಿದು ಮುಗಿಸಿದ್ದೆ. ಇನ್ನು ಜನ್ಮದಲ್ಲಿ ಅದನ್ನು ಬಿಚ್ಚುವುದಿಲ್ಲ ಎಂದೂ ಸಾರಿದ್ದೆ.

ಸತ್ತೆವ್ವ ಚಂದ್ರಿಯನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದಳು. ಓಣಿಯವರು ಸೇರಿದರು. ನಾನು ಒಂದು ಕಟ್ಟು ಹಸಿ ಮೇವು ಮುಂದಿಟ್ಟು, ಕೈ ಮುಗಿದು, ಕಣ್ಣು ಮುಚ್ಚಿ, ತುಂಬಿದ ಮನಸ್ಸಿನಿಂದ ಹೇಳಿದೆ: "ಚಂದ್ರೀ, ತಪ್ಪಾತು. ಮಾಡದ ತಪ್ಪ ನಿನ್ನ ಮ್ಯಾಲ ಹಾಕಿದೆ. ಹೊಟ್ಟ್ಯಾಗ ಹಾಕ್ಕೋ."

ಓಣಿಯವರು ಚಪ್ಪಾಳೆ ತಟ್ಟಿ ಚದುರಿದರು. ಸತ್ತೆವ್ವ ಸಮಾಧಾನದಿಂದ ತನ್ನ ಮನೆಯ ಕಡೆಗೆ ತಿರುಗಿದಳು. ನಾನು ಕಣ್ಣು ತೆರೆದೆ. ಮೇವಿನ ಕಟ್ಟು ಇಟ್ಟಲ್ಲೇ ಇತ್ತು. ಹಗ್ಗ ಖಾಲಿಯಿತ್ತು. ಚಂದ್ರಿಯ ಗಡ್ಡದ ಮೇಲೆ ಒಂದು ಕೆಂಪು ದಾರ ನೇತಾಡುತ್ತಿತ್ತು. ನಾನು ನೋಡುತ್ತಿದ್ದಂತೆ ಅದೂ ಸುರ್ರನೆ ಒಳಗೆ ಹೋಯಿತು!

"ರಾಜಮತೀ! ಬಾ ಇಲ್ಲಿ! ಆಡು ಅರಿವಿ ತಿಂತು! ಖರೇನ ತಿಂತು! ನನ್ನ ಕಣ್ಣಿಲೆ ನೋಡೇನಿ!"

"ಮತ್ತ ಶುರು ಮಾಡಿದ್ರೇನ್ರಿ ಸಾವಕಾರ್ರ?" ಎಂದು ಸತ್ತೆವ್ವ ಸೊಂಟದ ಮೇಲೆ ಕೈಯಿಟ್ಟು ತಿರುಗಿ ನಿಂತಳು.

ರಾಜಮತಿ ಹೊರಗೆ ಬಂದಳು. ಖಾಲಿ ಹಗ್ಗ ನೋಡಿದಳು. ಕಣ್ಣು ಅರೆ ಮುಚ್ಚಿ ಸಾಧ್ವಿಯಂತೆ ನಿಂತ ಚಂದ್ರಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಕಿಸೆ ತೋರಸ್ರಿ."

ಎರಡೂ ಕಿಸೆಗಳನ್ನು ಹೊರಗೆಳೆದು ತೋರಿಸಿದೆ. ಏನೂ ಇರಲಿಲ್ಲ.

"ಹಂಗಾರ," ಎಂದಳು ರಾಜಮತಿ, "ಕಾರಿನ ಸೀಟ ತಗೀರಿ."